ಒಮ್ಮೆ ಒಳಗೆ ಬಂದವರು

ಒಳಗೆ ಹೋಗಲೋ, ಬೇಡವೋ? ಹೋದರೆ ಎಲ್ಲಿಂದ ಶುರು ಮಾಡುವುದು? ಜೇವರ್ಗಿ ಬಸ್ ನಿಲ್ದಾಣದ ಎದುರಿಗೇ ಜಗದೇವನ ಮೊಬೈಲ್ ಅಂಗಡಿ. ಏಜಾಜ ರಸ್ತೆಯ ಈಚೆಯೇ ನಿಂತಿದ್ದ. ಹೇಳಬೇಕಾದ್ದು ಒಂದೇ ಮಾತು. ಅದಕ್ಕೆಂದೇ ಆಳಂದದಿಂದ ಬಂದಿದ್ದ.

ಕೂಡಿ ಡಿಪ್ಲೊಮಾ ಓದಿದ ಇಬ್ಬರೂ ಅಫಜಲಪುರದ ಕಡೆಯ ಕಬ್ಬು ಬೆಳೆಗಾರರ ಸಂಘವೊಂದಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ಕಟಾವಿನ ಗ್ಯಾಂಗು ಯಾರ ಹೊಲಕ್ಕೆ ಯಾವಾಗ ಬರುತ್ತದೆಂಬುದು ಅದರಲ್ಲೇ ನಿಗದಿಯಾಗುತ್ತಿತ್ತು. ಸರದಿ ಬಂದವರು ಸಂಜೆಯೊಳಗೆ ಫೋನಿನಲ್ಲಿ ಒಪ್ಪಿಗೆ ಒತ್ತಬೇಕು. ಇಲ್ಲವಾದರೆ ಸರದಿ ಮುಂದಿನವರಿಗೆ. ಕೋಡ್ ಬರೆಯುವುದು ಏಜಾಜನ ಪಾಲು, ಊರೂರು ತಿರುಗಿ ಜನರಿಗೆ ಲಾಗಿನ್ ಮಾಡಿಕೊಡುವುದು ಜಗದೇವನ ಪಾಲು.

ಯಾರು ಯಾರು ಲಾಗಿನ್ ಆಗಿದ್ದಾರೆಂಬ ಗುರುತನ್ನು, ಅಂದರೆ ಸೆಷನ್ನುಗಳನ್ನು, ಏಜಾಜ ಮೆಮೊರಿಯಲ್ಲೇ ಇರುವ ಡೇಟಾಬೇಸಿನಲ್ಲಿಟ್ಟ. ಪುಟ ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತಿತ್ತು. ಆದರೆ ಸರ್ವರ್ ನಿಂತರೆ ಆ ಗುರುತೆಲ್ಲ ಅಳಿಸಿಹೋಗುತ್ತಿತ್ತು.

"ಡಿಸ್ಕಿನ ಮ್ಯಾಲೂ ಒಂದು ನಕಲು ಇಟ್ಟುಬಿಡೋ," ಎಂದಿದ್ದ ಜಗದೇವ.

"ಸೈಟ್ ನಿಧಾನ ಆಗ್ತದ. ಹೋದ್ರ ಹೋಗ್ಲಿ, ಮತ್ತೊಮ್ಮೆ ಲಾಗಿನ್ ಆಗ್ತಾರ."

"ಹೆಂಗ ಆಗ್ತಾರ? ಕರಜಗಿ ಮಾಳಮ್ಮ ಆಯಿ ಓಟಿಪಿ ಪುಣೇಕ ಹೋಗ್ತದ, ಮಗನ ನಂಬರಿಗೆ. ಅಂವ ಬಿಲ್ಡಿಂಗ್ ಕೆಲಸದಾಗ ಇರ್ತಾನ, ಹಗಲೆಲ್ಲ ಫೋನ್ ಎತ್ತಂಗಿಲ್ಲ. ಅರ್ಧ ಊರಿಂದು ಹಿಂಗೇ ಅದ. ಒಮ್ಮೆ ಒಳಗ ಬಂದೋರು ಹೊರಗ ಬಿದ್ರ ಮುಗೀತು."

"ನೀ ಊರು ತಿರುಗಲೇ, ಗೌಡಾ. ಸರ್ವರ್ ಚಿಂತಿ ನನಗ ಬಿಡು," ಎಂದು ಏಜಾಜ ನಕ್ಕಿದ್ದ. ಜಗದೇವ ಮತ್ತೆ ಆ ಮಾತೆತ್ತಲಿಲ್ಲ.

ಕಟಾವಿನ ಭರದಲ್ಲಿ ಒಂದು ಬೆಳಿಗ್ಗೆ ಸರ್ವರ್ ನಿಂತು, ತಾನಾಗಿಯೇ ಮತ್ತೆ ಚಾಲೂ ಆಯಿತು. ಡಿಸ್ಕಿನಲ್ಲಿದ್ದ ಹೆಸರು, ಹೊಲ, ಸರದಿ ಎಲ್ಲವೂ ಭದ್ರವಾಗಿದ್ದವು. ಜನ ಮಾತ್ರ ಹೊರಗೆ ಬಿದ್ದಿದ್ದರು. ಓಟಿಪಿಗಳು ಪುಣೆ, ಸೊಲ್ಲಾಪುರದ ಜೇಬುಗಳಲ್ಲಿ ಸದ್ದು ಮಾಡಿ ಸುಮ್ಮನಾದವು. ಆ ಸಂಜೆ ಮಾಳಮ್ಮನ ಸರದಿ ಜಾರಿತು. ಗ್ಯಾಂಗು ಅವಳ ಹೊಲ ದಾಟಿ ಹೋಯಿತು. ಕಬ್ಬು ನಿಂತಲ್ಲೇ ಒಣಗತೊಡಗಿತು.

ಕರಜಗಿಗೆ ಹೋಗಿ ಬೈಗುಳ ತಿಂದವನು ಜಗದೇವ. ಜನ ಕಂಡಿದ್ದ ಮುಖ ಅವನದೇ. "ನಿನ್ನ ನಂಬಿ ಫೋನ್ ಕೈಯಾಗ ಕೊಟ್ಟಿದ್ನೆಲ್ಲೋ, ಬಾಡ್ಯಾ!" ಎಂದಳಂತೆ ಮಾಳಮ್ಮ. ಅವನು ತಲೆ ತಗ್ಗಿಸಿ ನಿಂತನಂತೆ, ಏಜಾಜನ ಹೆಸರು ತೆಗೆಯಲಿಲ್ಲವಂತೆ. ಕಟಾವು ಮುಗಿದ ಮೇಲೆ ಆಳಂದದಲ್ಲಿ ಇಬ್ಬರೂ ಕೂತು ಕೆಲಸ ಮಾಡುತ್ತಿದ್ದ ಕೋಣೆಯ ಕೀಲಿಯನ್ನು ಮೇಜಿನ ಮೇಲಿಟ್ಟು ಜೇವರ್ಗಿಗೆ ಹೊರಟುಹೋದ. ಡಿಸ್ಕಿನ ನಕಲನ್ನು ಏಜಾಜ ಅಷ್ಟರಲ್ಲಾಗಲೇ ಚಾಲೂ ಮಾಡಿದ್ದ. ಒಂದು ಸಾಲು ಬದಲಿಸುವ ಕೆಲಸ. ಸೈಟೇನೂ ನಿಧಾನವಾಗಲಿಲ್ಲ.

"ಏ ಏಜಾಜ! ಬಿಸಲಾಗ ಯಾಕ ನಿಂತೀಲೇ, ಹೆಣ್ಣು ನೋಡಾಕ ಬಂದಂವ ನಿಂತಂಗ? ಒಳಗ ಬಾ!" ಅಂಗಡಿಯೊಳಗಿಂದ ಜಗದೇವ ಕೂಗಿದ.

ಜಗದೇವ ಚಹಾ ತರಿಸಿದ.

"ಅಮ್ಮೀ ಹೆಂಗದಾರ?"

"ಆರಾಮ ಅದಾರ."

"ಸೈಟು?"

"ನಡದದ."

ಜಗದೇವ ಬಿಚ್ಚಿದ್ದ ಫೋನನ್ನು ಬದಿಗಿಟ್ಟು ಕಾದ. ಏಜಾಜ ಕಪ್ಪಿನಿಂದ ಬಸಿಗೆ ಸುರಿದ ಚಹಾ ಊದಿದ, ಕುಡಿದ, ಮತ್ತೆ ಸುರಿದುಕೊಂಡ. ಕಡೆಗೆ ಗೋಡೆಗೆ ತೂಗಿದ್ದ ಕವರೊಂದನ್ನು ತೋರಿಸಿ, "ಇದು ನನ್ನ ಫೋನಿಗೆ ಕೂಡ್ತದನು?" ಎಂದ.

ಜಗದೇವ ಅವನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಫೋನ್ ಇಸಿದುಕೊಂಡು, ಒರೆಸಿ, ಕವರ್ ತೊಡಿಸಿ ಕೊಟ್ಟ.

ಕಲಬುರಗಿ ಬಸ್ಸು ಬಂತು. ಏಜಾಜ ಹತ್ತಿ ಕುಳಿತ. ನೀನು ಹೇಳಿದ್ದೇ ಸರಿಯಿತ್ತು ಎಂದು ಅವನು ಜಗದೇವನಿಗೆ ಹೇಳಲೇ ಇಲ್ಲ.