ಬಳೆಗಾರ ಹಿಡಿದ ಕೈ

ಐದು ವಾರದಿಂದ ನಂದಾಳ ತಲೆ ಮೊಸರುಗಡಿಗೆಯಾಗಿತ್ತು. ಸಾರವಾಡದ ಪೀರಸಾಬನ ಬಲಗೈ ರಬ್ಬರ್ ಚೆಂಡು ಹಿಡಿಯುತ್ತದೆ, ಚಹಾದ ಕಪ್ಪು ಹಿಡಿಯುತ್ತದೆ, ಮಗ ಅಯೂಬನ ಕೈಯನ್ನಂತೂ ಅವನು ಮುಖ ಕಿವುಚುವ ಹಾಗೆ ಒತ್ತುತ್ತದೆ. ಆದರೆ ಅದೇ ಅಂಗೈಯೊಳಗೆ ನಂದಾ ತನ್ನ ಬೆರಳಿಟ್ಟು "ಗಟ್ಟಿ ಹಿಡೀರಿ ಚಾಚಾ" ಅಂದರೆ ಸಾಕು, ಒದ್ದೆ ಅರಿವೆಯಂತೆ ಸಡಿಲಾಗಿಬಿಡುತ್ತದೆ. ಅವಳು ಓದಿದ ಪುಸ್ತಕದಲ್ಲಿ ಇಂಥ ಲಕ್ವಾ ಇರಲಿಲ್ಲ.

ನಂದಾ ವಿಜಯಪುರದಿಂದ ಸ್ಕೂಟಿಯ ಮೇಲೆ ಮನೆಮನೆಗೆ ಹೋಗುವ ಆಕ್ಯುಪೇಷನಲ್ ಥೆರಪಿಸ್ಟ್. ಬಿದ್ದ ಕೈಗೆ ಉಣ್ಣುವುದನ್ನು, ಗುಂಡಿ ಹಾಕುವುದನ್ನು, ತನ್ನ ಕಸುಬನ್ನು ಮತ್ತೆ ಕಲಿಸುವುದು ಅವಳ ಕೆಲಸ. ಪೀರಸಾಬನ ಕಸುಬು ಬಳೆ ತೊಡಿಸುವುದು. ವಿಜಯಪುರದ ಗಾಂಧಿ ಚೌಕದಲ್ಲಿ ಅವನು ನಲವತ್ತು ವರ್ಷ ಕುಳಿತ ಅಂಗಡಿಯನ್ನು ಈಗ ಮೊಬೈಲ್ ಕವರ್ ಮಾರುವವನೊಬ್ಬ ಕೇಳುತ್ತಿದ್ದ. ಅಯೂಬ ಆ ಮಾತು ತೆಗೆದಾಗೆಲ್ಲ ಪೀರಸಾಬ "ಬ್ಯಾಡ" ಅನ್ನುತ್ತಿದ್ದ. ಲಕ್ವಾ ಅವನಿಗೆ ಉಳಿಸಿ ಹೋದದ್ದೇ ಅಂಥ ನಾಲ್ಕಾರು ಶಬ್ದ.

ಆ ಮಂಗಳವಾರ ಅಯೂಬ ಅಂಗಡಿಗೆ ಹೋಗದೆ ಮನೆಯಲ್ಲೇ ಕಾದಿದ್ದ.

"ಅಕ್ಕಾರ, ಇವತ್ತ ಒಂದ ಮಾತ ಹೇಳಿಬಿಡ್ರಿ. ಅಬ್ಬಾನ ಕೈ ಬರತೈತೊ ಇಲ್ಲೊ? ಆ ಮನಷ್ಯಾ ಸಂಜಿಗಿ ಜವಾಬ ಕೇಳ್ಯಾನ."

ಏನು ಹೇಳುವುದು? ಬರುತ್ತದೆ ಅಂದರೆ ತನ್ನ ಬೆರಳೇ ಸುಳ್ಳು ಅನ್ನುತ್ತದೆ, ಬರುವುದಿಲ್ಲ ಅಂದರೆ ಚಹಾದ ಕಪ್ಪು ನಗುತ್ತದೆ. ಅವಳು ಇನ್ನೊಮ್ಮೆ ಕೈ ಚಾಚಿದಳು. ಪೀರಸಾಬ ಅವಳ ಬೋಳು ಮುಂಗೈ ನೋಡಿ ಮುಖ ತಿರುಗಿಸಿದ. ಅವನ ಬೆರಳುಗಳು ಮತ್ತೆ ಸಡಿಲಾದವು. ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲದ ಸಿಟ್ಟು.

"ನಾ ಏನ ತಪ್ಪ ಮಾಡೇನ್ರಿ ಚಾಚಿ? ಎಲ್ಲಾರ ಕೈ ಹಿಡಿತಾರ, ನಂದಷ್ಟ ಯಾಕ ಹಿಡಿಯಂಗಿಲ್ಲ?"

ಬಾಗಿಲ ಬಳಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದ ಪೀರಸಾಬನ ಹೆಂಡತಿ ರಾಜಬಿ ಗಂಡನ ಮುಖ ನೋಡಿದಳು.

"ಹೆಂಗ ಹೇಳಲೆವ್ವಾ. ಬಳಿಗಾರ ಬರೇ ಕೈ ಹಿಡದ್ರ ಬರೇ ಕೈ ಬಿಡಬಾರದು, ಬಳಿ ಇಟ್ಟ ಕಳಸಬೇಕು. ಇವರಪ್ಪ ಕಲಿಸಿದ್ದು. ಇಡೋಣಂದ್ರ ನಿಮ್ಮ ಮನಿಯವರು ತೀರ್ಯಾರಲ್ಲ. ಕೇಳಾಕ ನಮಗ ಬಾಯಿ ಬರಲಿಲ್ಲ."

"ಅವರು ಗಟ್ಟಿಮುಟ್ಟ ಅದಾರ್ರಿ ಚಾಚಿ. ತಿಕೋಟಾದಾಗ ಸಾಲಿ ಕಲಸ್ತಾರ."

ನಂದಾ ಅಳಬೇಕೋ ನಗಬೇಕೋ ತಿಳಿಯದೆ ಕುಳಿತಳು. ರೋಗಿಗೆ ಗೀರುತ್ತವೆಂದು ಕೆಲಸದಲ್ಲಿ ಬಳೆ ಬೇಡ ಎಂಬ ನಿಯಮ. ತಾಳಿ ಕೋಟಿನ ಒಳಗೆ, ಕುಂಕುಮ ಹೆಲ್ಮೆಟ್ಟಿನ ಪಾಲು. ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅಂದು ಬೆಳಿಗ್ಗೆ ಜಗಳಾಡಿದ ಗಂಡ ಸಿದ್ದಲಿಂಗೇಶನಿಗೆ ಈ ಮನೆಯಲ್ಲಿ ಐದು ವಾರದ ಹಿಂದೆಯೇ ಮಣ್ಣು ಕೊಟ್ಟಾಗಿತ್ತು.

ಹಾಗಾದರೆ ಕೈಗೆ ಏನೂ ಆಗಿಲ್ಲ. ಅವಳ ಎದೆ ಹಗುರವಾಯಿತು. "ಬಳಿ ತರ್ರಿ ಚಾಚಿ" ಅಂದಳು.

ರಾಜಬಿ ಹಸಿರು ಬಳೆ ತಂದಳು. ಪೀರಸಾಬ ಎಡಗೈಯಲ್ಲಿ ಬಳೆ ಹಿಡಿದು, ಬಲಗೈಯಿಂದ ನಂದಾಳ ಬೆರಳು ಕೂಡಿಸಿ ಅದುಮಿದ. ಎಂಥ ಹಿಡಿತ. ಅವಳು ಖುಷಿಯಿಂದ ಅಯೂಬನ ಕಡೆ ತಿರುಗುವಷ್ಟರಲ್ಲಿ ಬಳೆ ಗೆಣ್ಣಿನ ಹತ್ತಿರ ಚಟ್ ಎಂದಿತು. ಎರಡನೆಯದೂ ಒಡೆಯಿತು. ಮೂರನೆಯದು ಅವಳ ಚರ್ಮ ಗೀರಿತು. ಕೈಯಲ್ಲಿ ಬಲವಿತ್ತು, ಎಲುಬು ಎಲ್ಲಿದೆಯೆಂದು ಮಾತ್ರ ಆ ಬೆರಳುಗಳಿಗೆ ಗೊತ್ತಾಗುತ್ತಿರಲಿಲ್ಲ.

ಇಷ್ಟು ದಿನ ಅವನು ಮರ್ಯಾದೆಗೆ ಕೈ ಸಡಿಲ ಬಿಟ್ಟಿದ್ದ, ಕಸುಬು ಕೈಯಲ್ಲೇ ಇದೆಯೆಂದು ನಂಬಿದ್ದ. ನಂದಾ ಕೆಳಗೆ ಬಿದ್ದ ಬಳೆಚೂರುಗಳನ್ನು ನೋಡಿದಳು. ಬಳೆ ತರಿಸಿದ್ದು ತಾನೇ.

ಪೀರಸಾಬ ಮಗನನ್ನು ನೋಡಿದ. "ಕೊಡು. ಅಂಗಡಿ ಕೊಡು."

ಕೇಳಿದ ಜವಾಬು ಸಿಕ್ಕರೂ ಅಯೂಬ ಕದಲಲಿಲ್ಲ. ಅವನ ಕಣ್ಣು ತಂದೆಯ ಬಲಗೈಯ ಮೇಲಿತ್ತು. ಅದು ನಂದಾಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. ಅವಳ ಬೆರಳುಗಳು ಕೆಂಪಾಗಿ ನೋಯುತ್ತಿದ್ದವು. ಕೊಡು ಎಂದ ಬಾಯಿಯನ್ನು ನಂಬಬೇಕೋ, ಬಿಡದ ಕೈಯನ್ನು ನಂಬಬೇಕೋ ಅವಳಿಗೆ ತಿಳಿಯಲಿಲ್ಲ.

"ಚಾಚಿ, ಇದಕ್ಕಿಂತ ದೊಡ್ಡ ಅಳತಿವು ಅದಾವೇನ್ರಿ?" ಎಂದು ಕೇಳಿದಳು.

ರಾಜಬಿ ಇನ್ನೊಂದು ಪೆಟ್ಟಿಗೆ ತರಲು ಎದ್ದಳು.