ಜಾಲರಿ ತೆಗೆದ ಭಾನುವಾರ

ಕೆಂಚ್ಯಾನನ್ನು ಹಿಡಿದು ಡಬ್ಬಿಗೆ ಹಾಕಿದ್ದಾಯಿತು. ಇನ್ನು ಬೂದ್ಯಾನನ್ನು ಎತ್ತಿ ಗಾಜಿನ ತೊಟ್ಟಿಯಲ್ಲಿ ಕೆಂಚ್ಯಾನ ಪಾಲಿನ ಅರ್ಧಕ್ಕೆ ಬಿಡಬೇಕು. ಆದರೆ ಬೂದ್ಯಾ ನಿದ್ದೆಯಲ್ಲಿತ್ತು. ಚೂರು ಕಾಗದದ ಗುಡ್ಡೆಯೊಳಗೆ ಮೂತಿಯನ್ನು ಹೊಟ್ಟೆಗೆ ಸೇರಿಸಿ, ಬಾಲ ಸುತ್ತಿಕೊಂಡು, ಚಿಕ್ಕು ಹಣ್ಣಿನಷ್ಟಾಗಿ ಮಲಗಿತ್ತು. ಹೀಗೆ ಮಲಗಿದ ಪ್ರಾಣಿಯನ್ನು ಎಬ್ಬಿಸಿ, ಹೋಗು, ಪಕ್ಕದವನ ಹಾಸಿಗೆಯಲ್ಲಿ ಮಲಗು ಎನ್ನುವ ಅಧಿಕಾರ ತನಗೆ ಯಾರು ಕೊಟ್ಟರು ಎಂದು ಶಿವಪುತ್ರನಿಗೆ ದಿನವೂ ಅನಿಸುತ್ತಿತ್ತು. ದಿನವೂ ಎಬ್ಬಿಸುತ್ತಿದ್ದ.

"ಇನ್ನೂ ಅದಲ್ ಬದಲ್ ಮುಗೀಲಿಲ್ಲೇನ್ರಿ?"

ಅವನು ಬೆಚ್ಚಿದ. ಬಾಗಿಲಲ್ಲಿ ಸ್ನೇಹಲ್ ನಿಂತಿದ್ದಳು. ಬೆಳಗಿನ ಈ ಹೊತ್ತಿನಲ್ಲಿ ಮನೆಯೊಳಗೆ ಇನ್ನೊಂದು ದನಿ ಕೇಳುವ ರೂಢಿ ಅವನಿಗೆ ತಪ್ಪಿಹೋಗಿತ್ತು.

"ಇವತ್ತ ಕಡೀದು. ಸಂಜಿಗೆ ಜಾಲರಿ ತಗ್ಯೂದೈತಿ."

"ಹ್ಞೂಂ" ಎಂದಳು. ಅಡುಗೆಮನೆಗೆ ಹೋದಳು. ಅವನೂ ಚಹಾ ಕಪ್ಪು ಇಡಲೆಂದು ಎದ್ದ. ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಎದುರುಬದುರಾಗಿ, ಅವನು ಎಡಕ್ಕೆ ಸರಿದರೆ ಅವಳೂ ಅತ್ತಲೇ, ಬಲಕ್ಕೆ ಸರಿದರೆ ಬಲಕ್ಕೇ ಸರಿದು, ಕೊನೆಗೆ ನಗಬೇಕಾಯಿತು. ಲೋಕಲ್‌ ಗಾಡಿಯಲ್ಲಿ ಅಪರಿಚಿತರು ಕಾಲು ತುಳಿದಾಗ ನಗುವ ಹಾಗೆ ನಕ್ಕರು.

ಮುಲುಂಡ್‌ನ ಈ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಗಂಡ ಹೆಂಡತಿ ನಾಲ್ಕು ವರ್ಷದಿಂದ ಪಾಳಿಯ ಮೇಲೆ ವಾಸವಾಗಿದ್ದರು. ಸ್ನೇಹಲ್‌ಗೆ ಐರೋಲಿಯ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ. ಶಿವಪುತ್ರ ಫೋರ್ಟ್‌ನ ವಿಮಾ ಕಂಪನಿಯಲ್ಲಿ, ಯಾವ ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಬಹುದು ಎಂದು ಅಂದಾಜು ಹಾಕುವವನು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ್ದಕ್ಕೆ ದಕ್ಕಿದ ಉದ್ಯೋಗ. ಬೆಳಿಗ್ಗೆ ಕಂಪನಿಯ ಕ್ಯಾಬ್ ಅವಳನ್ನು ಸೊಸೈಟಿಯ ಗೇಟಿನಲ್ಲಿ ಇಳಿಸುವಾಗ ಅವನು ಸ್ಟೇಷನ್ನಿಗೆಂದು ಅದೇ ಗೇಟಿನಿಂದ ಹೊರಬೀಳುತ್ತಿದ್ದ. "ಚಹಾ ಸೋಸಿಟ್ಟೇನಿ" ಎನ್ನುತ್ತಿದ್ದ. "ಹೂಂ, ಹುಷಾರ್ ಹೋಗ್ರಿ" ಎನ್ನುತ್ತಿದ್ದಳು. ಸಂಸಾರ ಇಷ್ಟರಲ್ಲೇ ಸಾಂಗವಾಗಿ ನಡೆಯುತ್ತಿತ್ತು. ಜಗಳವಾಡುವುದಕ್ಕೂ ಇಬ್ಬರೂ ಎಚ್ಚರವಿರಬೇಕಲ್ಲ.

ರಜೆಯ ದಿನಗಳಲ್ಲೂ ಅವಳ ಕಣ್ಣಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹಾಲ್‌ನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಬೆಳಗಾದ ಮೇಲೆ, ಅವನು ಎದ್ದು ಬಿಟ್ಟ ಮಂಚಕ್ಕೆ ಹೋಗಿ ಬೀಳುತ್ತಿದ್ದಳು.

ನಾಳೆಯಿಂದ ಅವಳಿಗೆ ಹಗಲು ಪಾಳಿ. ಕೇಳಿ ಪಡೆದದ್ದಲ್ಲ, ಕಂಪನಿ ತಾನಾಗಿ ಕೊಟ್ಟದ್ದು. ಸುದ್ದಿ ಬಂದ ದಿನ "ಛಲೋ ಆತಲ್ಲ" ಎಂದು ಅವನು ಅಂದ. "ಛಲೋನ ಆತು" ಎಂದು ಅವಳೂ ಅಂದಳು. ಅದಕ್ಕಿಂತ ಹೆಚ್ಚು ಮಾತಾಗಲಿಲ್ಲ. ಈ ರಾತ್ರಿ ಇಬ್ಬರೂ ಒಂದೇ ಹೊತ್ತಿಗೆ ಒಂದೇ ಮಂಚದ ಮೇಲೆ ಮಲಗಬೇಕು. ಗಂಡ ಹೆಂಡತಿಗೆ ಇದೂ ಒಂದು ಪರೀಕ್ಷೆಯೇ ಎಂದು ಅವನು ತನ್ನನ್ನೇ ಹಂಗಿಸಿಕೊಂಡು ನೋಡಿದ. ಪ್ರಯೋಜನವಾಗಲಿಲ್ಲ. ಅವನಿಗೆ ಭಯವಾಗುತ್ತಿತ್ತು.

ಜರ್ಬಿಲ್‌ಗಳು ಮನೆಗೆ ಬಂದದ್ದೂ ಈ ಪಾಳಿಯ ದೆಸೆಯಿಂದಲೇ. ಸ್ನೇಹಲ್‌ಳ ಸಹೋದ್ಯೋಗಿಯೊಬ್ಬಳು ಊರು ಬಿಡುವಾಗ ಗಾಜಿನ ತೊಟ್ಟಿಯ ಸಮೇತ ಎರಡನ್ನೂ ತಂದುಕೊಟ್ಟಳು. ಇವು ಹಗಲೂ ಪೂರ್ತಿ ಮಲಗುವುದಿಲ್ಲ, ರಾತ್ರಿಯೂ ಪೂರ್ತಿ ಮಲಗುವುದಿಲ್ಲ. ಸ್ವಲ್ಪ ಹೊತ್ತು ನಿದ್ದೆ, ಸ್ವಲ್ಪ ಹೊತ್ತು ಓಡಾಟ, ಮತ್ತೆ ನಿದ್ದೆ. ನಿಮ್ಮಿಬ್ಬರಲ್ಲಿ ಯಾರು ಎದ್ದಿದ್ದರೂ ಜೊತೆಗಿರುತ್ತವೆ ಎಂದಿದ್ದಳು. ಇಲಿಯಂಥ ಪ್ರಾಣಿ. ಬಾಲದ ತುಂಬ ರೋಮ, ತುದಿಗೊಂದು ಕುಚ್ಚು. ಬಣ್ಣ ನೋಡಿ ಸ್ನೇಹಲ್ ಹೆಸರಿಟ್ಟಳು. ವಿಜಯಪುರದಿಂದ ವಿಡಿಯೊ ಕಾಲ್‌ನಲ್ಲಿ ನೋಡಿದ ಅವನ ತಾಯಿ ರುದ್ರವ್ವ ಮಾತ್ರ, "ಮಂದಿ ಇಲಿಗೆ ಪಾಷಾಣ ಇಡ್ತಾರ, ನೀವು ಸೂರ್ಯಕಾಂತಿ ಬೀಜ ಹಾಕ್ತೀರಲ್ಲೋ" ಎಂದು ಫೋನು ಇಟ್ಟಿದ್ದಳು.

ಎರಡೂ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಯಾರ ಕಾಲು ಯಾವುದು, ಯಾರ ಕಿವಿ ಯಾವುದು ಗೊತ್ತಾಗುತ್ತಿರಲಿಲ್ಲ. ಅವನು ರಾತ್ರಿ ನೀರು ಕುಡಿಯಲು ಎದ್ದಾಗಲೆಲ್ಲ ಅದನ್ನು ನೋಡುತ್ತ ನಿಲ್ಲುತ್ತಿದ್ದ. ಹೋದ ತಿಂಗಳು ಬೂದ್ಯಾನ ಕಣ್ಣು ಕೆಂಪಾಯಿತು. ಭಾಂಡುಪ್‌ನಲ್ಲಿ ಇಂಥ ಪ್ರಾಣಿಗಳನ್ನೇ ನೋಡುವ ಡಾಕ್ಟರಿಣಿಯೊಬ್ಬಳಲ್ಲಿ ಒಂದು ರಾತ್ರಿ ಬಿಟ್ಟು, ಮರುದಿನ ಸಂಜೆ ತಂದು ತೊಟ್ಟಿಗೆ ಬಿಟ್ಟ. ಕೆಂಚ್ಯಾ ಮೂಸಿ ನೋಡಿತು. ಮರುಕ್ಷಣವೇ ಮೈಮೇಲೆ ಬಿದ್ದು ಬಾಲದ ಬುಡವನ್ನು ರಕ್ತ ಬರುವಂತೆ ಕಚ್ಚಿತು.

"ಒಂದ ರಾತ್ರಿ ಹೊರಗಿದ್ದಿದ್ದಕ್ಕ?" ಎಂದಿದ್ದಳು ಸ್ನೇಹಲ್, ಆಗ ತಾನೆ ಕೆಲಸಕ್ಕೆ ಹೊರಟವಳು.

ಇವಕ್ಕೆ ಮುಖದ ಗುರುತಿಲ್ಲ, ವಾಸನೆಯದೇ ಗುರುತು ಎಂದು ಡಾಕ್ಟರಿಣಿ ಫೋನಿನಲ್ಲಿ ಹಿಂದಿಯಲ್ಲಿ ವಿವರಿಸಿದಳು. ತೊಟ್ಟಿಯ ನಡುವೆ ತಂತಿಯ ಜಾಲರಿ ಹಾಕಿ. ದಿನಾ ಇದನ್ನು ಅದರ ಗೂಡಿಗೆ, ಅದನ್ನು ಇದರ ಗೂಡಿಗೆ ಬದಲಾಯಿಸಿ. ಒಂದರ ಹಾಸಿಗೆಯಲ್ಲಿ ಇನ್ನೊಂದು ಮಲಗುತ್ತ ಮಲಗುತ್ತ ಎರಡರ ವಾಸನೆಯೂ ಒಂದಾಗುತ್ತದೆ. ಆಮೇಲೆ ಜಾಲರಿ ತೆಗೆಯಿರಿ. ಕೂಡಿ ಮಲಗಿದರೆ ಅರ್ಧ ಗೆದ್ದ ಹಾಗೆ ಎಂದಳು. ಇನ್ನರ್ಧ ಯಾವುದು ಎಂದು ಇವನು ಕೇಳಿದ. "ಎಚ್ಚರವಾಗುವುದು" ಎಂದಳು. ನಿದ್ದೆ ಯಾರ ಪಕ್ಕದಲ್ಲಾದರೂ ಬರುತ್ತದೆ. ಎದ್ದಾಗ ಪಕ್ಕದಲ್ಲಿರುವುದು ತನ್ನದೇ ಅನಿಸಿದರೆ ಬದುಕಿದವು. ಮೊದಲ ಸಲ ಎಚ್ಚರವಾಗುವಾಗ ಹತ್ತಿರವೇ ಕೂತಿರಿ.

ಮಧ್ಯಾಹ್ನದ ಹೊತ್ತಿಗೆ ಸ್ನೇಹಲ್‌ಳ ಕಣ್ಣು ಎಳೆಯುತ್ತಿದ್ದವು. ಹಗಲು ಮಲಗಿದರೆ ರಾತ್ರಿ ನಿದ್ದೆ ಬಾರದು, ಆದ್ದರಿಂದ ಮಲಗಲೇಬಾರದು ಎಂದು ಹಟ ಹಿಡಿದು ಮನೆಯನ್ನೆಲ್ಲ ಗುಡಿಸಿದಳು. ಮಂಚದ ಚಾದರ ಎಳೆದಳು. ಅವನು ಇನ್ನೊಂದು ತುದಿ ಹಿಡಿಯಲು ಹೋದ.

ಗಾದಿಯ ಸರಿಯಾಗಿ ನಡುಮಧ್ಯದಲ್ಲಿ ಒಂದು ತಗ್ಗು ಬಿದ್ದಿತ್ತು. ಒಬ್ಬ ಮನುಷ್ಯ ಮುದುಡಿ ಮಲಗುವಷ್ಟು ಅಗಲ. ಎರಡು ಬದಿಗೂ ಗಾದಿ ಹೊಸದರ ಹಾಗೆ ಉಬ್ಬಿಕೊಂಡೇ ಇತ್ತು.

"ನೀವು ನಡಕ ಮಲಗ್ತೀರಿ?" ಎಂದು ಕೇಳಿದಳು.

"ಹೂಂ. ನೀನು?"

"ನಾನೂ."

ಇಬ್ಬರೂ ಸ್ವಲ್ಪ ಹೊತ್ತು ಆ ತಗ್ಗನ್ನೇ ನೋಡಿದರು. ಅವಳು ಅದರ ಮೇಲೆ ಚಾದರ ಹೊದಿಸಿದಳು. ಆಮೇಲೆ ತಲೆದಿಂಬು ಇಟ್ಟಳು. ಇನ್ನೊಂದಕ್ಕಾಗಿ ಸುತ್ತ ನೋಡಿದಳು. ಇನ್ನೊಂದು ಇರಲಿಲ್ಲ. ಮದುವೆಯಲ್ಲಿ ಬಂದ ಜೋಡಿಯಲ್ಲಿ ಒಂದು ಯಾವಾಗಲೋ ಹರಿದು ಹೋಗಿತ್ತು. ಬೇಕೆಂದು ಯಾರಿಗೂ ಅನಿಸಿರಲಿಲ್ಲ.

"ಲೈಟ್ ಹಚ್ಚಿದ್ರ ನಿಮಗ ನಿದ್ದಿ ಬರ್ತೈತೇನ್ರಿ?"

"ಇಲ್ಲ. ಕತ್ತಲಾ ಬೇಕು. ನಿನಗ?"

"ನನಗ ಈಗ ಕತ್ತಲದಾಗ ಬರಂಗಿಲ್ಲ" ಎಂದಳು, ತಪ್ಪು ಮಾಡಿದವಳ ದನಿಯಲ್ಲಿ. "ನೋಡೂಣು."

"ನೋಡೂಣು" ಎಂದು ಅವನೂ ಹೇಳಿ, ದಿಂಬು ತರುತ್ತೇನೆಂದು ಹೊರಟ. ಮನೆಯಿಂದ ಹೊರಬೀಳಲು ಒಂದು ಕಾರಣ ಸಿಕ್ಕಿದ್ದಕ್ಕೆ ಅವನಿಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ಬೇಸರವೂ ಆಯಿತು.

ಸ್ಟೇಷನ್ ರಸ್ತೆಯ ಗಾದಿ ಅಂಗಡಿಯವನು ಎರಡು ಬಗೆಯ ದಿಂಬು ತೋರಿಸಿದ. ಹತ್ತಿಯದು, ಫೈಬರ್‌ನದು. ಯಾರಿಗೆ ಎಂದು ಹಿಂದಿಯಲ್ಲಿ ಕೇಳಿದ. ಶಿವಪುತ್ರನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಹಳೆಯದು ಅವನದೋ ಅವಳದೋ ಎಂದು ತೀರ್ಮಾನವಾಗದೆ ಹೊಸದು ಯಾರದೆಂದು ಹೇಳುವುದು ಹೇಗೆ? "ಮೆಹಮಾನ್ ಕೆ ಲಿಯೆ" ಎಂದುಬಿಟ್ಟ. ಅತಿಥಿಗಳಾದರೆ ಫೈಬರ್ ಸಾಕು ಎಂದು ಅಂಗಡಿಯವನು ಪ್ಲಾಸ್ಟಿಕ್ಕಿನೊಳಗಿನ ದಿಂಬನ್ನೇ ಕೈಗಿಟ್ಟ.

ರಸ್ತೆ ದಾಟುವ ಮುಂಚೆ ಅದನ್ನೊಮ್ಮೆ ಮೂಗಿನ ಹತ್ತಿರ ಹಿಡಿದ. ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಆಗ ಹೊಳೆಯಿತು. ಡಾಕ್ಟರಿಣಿ ಹೇಳಿದ ಚಿಕಿತ್ಸೆ ತಮ್ಮಿಬ್ಬರಿಗೂ ನಾಲ್ಕು ವರ್ಷದಿಂದ ತಪ್ಪದೆ ನಡೆದಿದೆ. ಅವಳ ಬಿಸಿ ಆರಿದ ಗಾದಿಗೆ ಅವನು, ಅವನ ಬಿಸಿ ಆರದ ಗಾದಿಗೆ ಅವಳು. ಅದೇ ತಗ್ಗು, ಅದೇ ದಿಂಬು. ಇಷ್ಟು ಹೊತ್ತಿಗೆ ಇಬ್ಬರ ವಾಸನೆಯೂ ಒಂದೇ ಆಗಿರಬೇಕು. ಅವನಿಗೆ ನಗು ಬಂತು. ಅವಳ ವಾಸನೆ ಹೇಗಿತ್ತು ಎಂದು ನೆನೆಯಲು ಹೋದ. ನೆನಪಾಗಲಿಲ್ಲ. ನಗು ಅಲ್ಲಿಗೇ ನಿಂತಿತು.

ಹೋಟೆಲಿನ ಗಲ್ಲಾದಲ್ಲಿ ಉಡುಪಿಯ ಸುಕೇಶ್ ಇದ್ದ. ಭಾನುವಾರದ ಇಡ್ಲಿ ಪಾರ್ಸೆಲ್‌ಗೆ ಇವನು ಬಾಯಿ ಬಿಡುವ ಅಗತ್ಯವಿರಲಿಲ್ಲ. ಸುಕೇಶ್ ತಾನೇ ಒಂದು ಪ್ಲೇಟು ಕಟ್ಟಿಸಿಬಿಡುತ್ತಿದ್ದ.

"ಇವತ್ತು ಎರಡು ಕಟ್ಟಿಸು" ಎಂದ ಶಿವಪುತ್ರ.

ಸುಕೇಶ್ ದಿಂಬನ್ನು ನೋಡಿದ, ಇವನನ್ನು ನೋಡಿದ. "ಊರಿಂದ ಯಾರಾದ್ರೂ ಬಂದಿದ್ದಾರಾ ಸರ್?"

"ಹೌದು" ಎಂದ. ಹಾಗೇಕೆ ಹೇಳಿದೆ ಎಂದು ಮನೆ ಮುಟ್ಟುವವರೆಗೂ ಯೋಚಿಸಿದ.

ಇಡ್ಲಿ ತಿಂದಾದ ಮೇಲೆ ಇಬ್ಬರೂ ತೊಟ್ಟಿಯ ಮುಂದೆ ನೆಲದ ಮೇಲೆ ಕೂತರು. ಕಚ್ಚಾಡಿದರೆ ಬಿಡಿಸಲೆಂದು ಸ್ನೇಹಲ್ ಕೈಗೆ ದಪ್ಪನೆಯ ಟವೆಲ್ಲು ಸುತ್ತಿಕೊಂಡಳು. ಅವನು ಜಾಲರಿಯನ್ನು ಮೆಲ್ಲಗೆ ಮೇಲಕ್ಕೆಳೆದ.

ಏನೂ ಆಗಲಿಲ್ಲ. ಬೂದ್ಯಾ ತನ್ನ ಮೂಲೆಯಲ್ಲಿ ಕಾಗದ ಹರಿಯುತ್ತಿತ್ತು. ಕೆಂಚ್ಯಾ ತನ್ನ ಮೂಲೆಯಲ್ಲಿ ಮೀಸೆ ತಿಕ್ಕಿಕೊಳ್ಳುತ್ತಿತ್ತು. ಜಾಲರಿ ಇದ್ದ ಗೆರೆಯವರೆಗೆ ಬಂದು, ಮೂತಿ ಆಡಿಸಿ, ಎರಡೂ ಹಿಂತಿರುಗುತ್ತಿದ್ದವು.

"ಜಾಲರಿ ತಗದದ್ದ ಗೊತ್ತಾಗಿಲ್ಲ ಅವಕ್ಕ" ಎಂದಳು ಸ್ನೇಹಲ್. "ನನ್ನ ಕಣ್ಣ ಭಾಳ ಎಳೀಲಿಕ್ಕತ್ತಾವು. ಮಾರಿ ತೊಳ್ಕೊಂಡ ಬರ್ತೀನಿ. ನೀವು ನೋಡ್ತಿರ್ರಿ."

ಅವನು ನೋಡುತ್ತ ಕೂತ. ಹೊರಗೆ ಹೊತ್ತು ಇಳಿಯುತ್ತಿತ್ತು, ಕೆಳಗೆ ಮಕ್ಕಳು ಸೈಕಲ್ ಗಂಟೆ ಬಾರಿಸುತ್ತಿದ್ದವು. ಕೆಂಚ್ಯಾ ಗೆರೆ ದಾಟಿತು. ಬೂದ್ಯಾನ ಕಿವಿ ಮೂಸಿತು, ಕುತ್ತಿಗೆ ಮೂಸಿತು, ಬಾಲದ ಬುಡದ ಹಳೆಯ ಗಾಯವನ್ನು ಮೂಸಿತು. ಕೆಂಚ್ಯಾ ಅದರ ಬೆನ್ನಿನ ಮೇಲೆ ಗದ್ದ ಊರಿ ಹಾಗೇ ಕುಸಿದು ಕಣ್ಣು ಮುಚ್ಚಿತು. ಎರಡೂ ಸೇರಿ ಒಂದೇ ಉಂಡೆಯಾಗಿ ಮೇಲೆ ಕೆಳಗೆ ಉಸಿರಾಡತೊಡಗಿದವು. ಅವನ ಕಣ್ಣು ಹನಿಗೂಡಿದವು. ಇಂಥದ್ದಕ್ಕೆಲ್ಲ ಅಳುವವನಲ್ಲ ತಾನು ಎಂದು ಅವನು ತಿಳಿದುಕೊಂಡಿದ್ದ.

"ಸ್ನೇಹಲ್, ಬಾ ಇಲ್ಲಿ" ಎಂದು ಕರೆದ. ಉತ್ತರ ಬರಲಿಲ್ಲ. ತೋರಿಸಲೇಬೇಕೆಂದು ಎದ್ದು ಒಳಗೆ ಹೋದ.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅವಳು ಮಂಚದ ನಡುಮಧ್ಯದಲ್ಲಿ, ಆ ತಗ್ಗಿನಲ್ಲಿ, ಮುದುಡಿ ನಿದ್ದೆ ಹೋಗಿದ್ದಳು. ಟವೆಲ್ಲು ಇನ್ನೂ ಕೈಗೆ ಸುತ್ತಿಕೊಂಡೇ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು. ನಿದ್ದೆಯಲ್ಲಿರುವ ಈ ಮುಖವನ್ನು ಅವನು ಹೀಗೆ ನಿಂತು ನೋಡಿ ನಾಲ್ಕು ವರ್ಷವಾಗಿತ್ತು. ಹುಬ್ಬಿನ ನಡುವೆ ಒಂದು ಗೆರೆ ಇತ್ತು. ಅದು ಮೊದಲಿನಿಂದ ಇದ್ದದ್ದೋ ಆಮೇಲೆ ಬಂದದ್ದೋ ಹೇಳಲಾರದೆ ಹೋದ.

ದೀಪ ಆರಿಸಲು ಕೈ ಚಾಚಿದ, ಕತ್ತಲಲ್ಲಿ ಅವಳಿಗೆ ನಿದ್ದೆ ಬಾರದೆಂದು ನೆನಪಾಗಿ ಹಿಂದೆಗೆದ. ಗೋಡೆಗೆ ಒರಗಿಸಿದ್ದ ಹೊಸ ದಿಂಬನ್ನು ಪ್ಲಾಸ್ಟಿಕ್ಕಿನಿಂದ ತೆಗೆಯಲು ಹೋದರೆ ಸದ್ದಾಗುತ್ತದೆ. ಜರ್ಬಿಲ್‌ಗಳು ಏಳುವುದರೊಳಗೆ ಹೋದರಾಯಿತು ಎಂದುಕೊಂಡು, ಹಾಗೇ ಮಂಚದ ಅಂಚಿಗೆ ಇಟ್ಟು, ಹಾಗೇ ಅದರ ಮೇಲೆ ತಲೆಯಿಟ್ಟ.

ಗಾದಿ ನಡುವಿಗೆ ಇಳಿಜಾರಾಗಿತ್ತು. ಮೈ ಸಡಿಲ ಬಿಟ್ಟ ಕೂಡಲೇ ಅವನು ಅವಳ ಕಡೆಗೆ ಜಾರತೊಡಗಿದ. ಇನ್ನೊಂದು ಗೇಣು ಜಾರಿದರೆ ಮೈಗೆ ಮೈ ತಗುಲಿ ಅವಳಿಗೆ ಎಚ್ಚರವಾಗುತ್ತದೆ. ಕಣ್ಣು ತೆರೆದಾಗ ಪಕ್ಕದಲ್ಲಿರುವುದು ಯಾರು ಎಂದು ಅವಳಿಗೆ ಅನಿಸಬಹುದು? ಅವನು ಕೈಯನ್ನು ಹಿಂದಕ್ಕೆ ಚಾಚಿ ಮಂಚದ ಅಂಚಿನ ಹಲಗೆಯನ್ನು ಹಿಡಿದುಕೊಂಡ.

ಹಾಲ್‌ನಲ್ಲಿ ಸದ್ದಾಯಿತು. ಹಿಂಗಾಲಿನಿಂದ ನೆಲ ಬಡಿಯುವ ಸಣ್ಣ ಸದ್ದು. ಇವು ಹೆಚ್ಚು ಹೊತ್ತು ಮಲಗುವುದಿಲ್ಲ, ಎದ್ದಿವೆ. ಬಡಿತ ಹೆದರಿಕೆಯದೂ ಇರಬಹುದು, ಹುರುಪಿನದೂ ಇರಬಹುದು, ನೋಡದೆ ಹೇಳಲಾಗುವುದಿಲ್ಲ ಎಂದಿದ್ದಳು ಡಾಕ್ಟರಿಣಿ. ಹೋಗಿ ನೋಡಬೇಕು. ಏಳಬೇಕಾದರೆ ಮಗ್ಗುಲಾಗಬೇಕು, ಮಗ್ಗುಲಾಗಬೇಕಾದರೆ ಹಿಡಿದ ಹಲಗೆ ಬಿಡಬೇಕು.

ಅವನು ಬಿಡಲಿಲ್ಲ. ಸದ್ದು ಜೋರಾಯಿತು. ಕೈ ಜೋಮು ಹಿಡಿಯುತ್ತಿತ್ತು. ಪಕ್ಕದಲ್ಲಿ ಅವಳ ಉಸಿರು ಒಮ್ಮೆ ನಿಂತಂತಾಗಿ, ಮತ್ತೆ ಶುರುವಾಯಿತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಣ್ಣು ತೆರೆದುಕೊಂಡು, ಅಂಚಿನ ಹಲಗೆಯನ್ನು ಅವನು ಇನ್ನಷ್ಟು ಬಿಗಿಯಾಗಿ ಹಿಡಿದ.