ಪಾರ್ಕಿನ ರೇಡಿಯೋಗೆ ಹಾಕಿದ ಹಾರ

“ನೀನು ನನ್ನ ಮಗಳು ಅಂತ ಈ ಬಾಯಿಂದ ಯಾವತ್ತೂ ಬರಲ್ಲ ಕಣವ್ವ” ಎಂದು ಧರ್ಮಪ್ಪ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು.

ಮಾತು ಬೇಡಿದವಳು ಮಗಳೇ. ಭದ್ರಾವತಿಯ ರೇಡಿಯೋ ಸ್ಟೇಷನ್ನಿನಲ್ಲಿ ವಾರ್ತೆ ಓದುವ ಕೆಲಸ ಸಿಕ್ಕಿದ ದಿನ ಅವಳು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು. “ಅಪ್ಪ, ನಾನ್ಯಾರು ಅಂತ ಗೊತ್ತಾದ್ರೆ ನಿಮ್ಮ ಪಾರ್ಕಿನವರು ಸುದ್ದಿ ಕೇಳಲ್ಲ. ಮಾಲಿ ಮಗಳು ಹೆಂಗೆ ಓದ್ತಾಳೆ ಅಂತ ಕೇಳ್ತಾರೆ. ಹಂಗಾದ ದಿನ ನಾನು ಓದೋದು ಬಿಡ್ತೀನಿ.” ಮನೆಯಲ್ಲಿ ಅವಳಿಗೆ ಅಜ್ಜಿಯ ಹೆಸರು, ಕರಿಬಸಮ್ಮ. ಸ್ಕೂಲಿನ ಪಟ್ಟಿಯಲ್ಲಿ ಭವಾನಿ. ರೇಡಿಯೋದಲ್ಲಿಯೂ ಭವಾನಿ.

ಧರ್ಮಪ್ಪ ಶಿವಮೊಗ್ಗ ಮುನಿಸಿಪಾಲಿಟಿಯ ಮಾಲಿ. ಬೆಳಗ್ಗೆಯೆಲ್ಲ ಪಾರ್ಕಿನ ಗಿಡಕ್ಕೆ ನೀರು ಹೊರುವುದು, ಸಂಜೆ ರೇಡಿಯೋ ಹಾಕುವುದು. ಪಾರ್ಕಿನ ಮೂಲೆಯ ಪುಟ್ಟ ಕೋಣೆಯಲ್ಲಿ ಮರದ ಪೆಟ್ಟಿಗೆಯ ರೇಡಿಯೋ, ಹೊರಗೆ ಕಂಬದ ಮೇಲೆ ಅದರ ಹಾರ್ನು, ಕೋಣೆಯ ಬೀಗದಕೈ ಅವನ ಉಡಿದಾರದಲ್ಲಿ. ಗುಂಡಿ ತಿರುಗಿಸಿದ ಕೂಡಲೇ ದನಿ ಬರುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾದು ಬಿಸಿಯಾಗಲು ಒಂದು ನಿಮಿಷ ಬೇಕು. ಆ ಒಂದು ನಿಮಿಷ ಬೆಂಚಿನವರು ಕೆಮ್ಮಿ, ಮೂಗು ಸೀಟಿ, ಕಾಲು ಮಡಚಿ ಕೂತುಕೊಳ್ಳುವರು. ಆಮೇಲೆ “ವಾರ್ತೆಗಳು. ಓದುತ್ತಿರುವವರು ಭವಾನಿ” ಎಂದು ಹಾರ್ನು ನುಡಿದರೆ ಕಡಲೆಕಾಯಿ ಸುಲಿಯುವ ಸದ್ದೂ ನಿಲ್ಲುವುದು.

“ಎಂಥಾ ಉಚ್ಚಾರ ರೀ! ನಾಲಿಗೆ ಮೇಲೆ ಸರಸ್ವತಿ. ನಾಲ್ಕು ತಲೆಮಾರಿನ ಸಂಸ್ಕೃತ ಇಲ್ದೆ ಈ ಬಾಯಿ ಬರಲ್ಲ” ಎಂದು ಶಂಕರನಾರಾಯಣ ಮೇಷ್ಟ್ರು ತಲೆದೂಗುವರು. ಅವರು ರಿಟೈರಾದವರು, ಮೊದಲ ಬೆಂಚು ಅವರದೇ. ಧರ್ಮಪ್ಪ ಬಾಗಿಲಲ್ಲಿ ನಿಂತು ಕೈಯ ಮಣ್ಣು ಉಜ್ಜಿಕೊಳ್ಳುವನು. ಅವನ ನಾಲ್ಕು ತಲೆಮಾರೂ ಹೆಬ್ಬೆಟ್ಟು.

ಆಷಾಢದ ಒಂದು ಸೋಮವಾರ ಹಾರ್ನಿನಲ್ಲಿ ಗಂಡಸಿನ ದನಿ ಬಂತು. ಮಂಗಳವಾರವೂ ಅದೇ. ಬುಧವಾರ ಮಂಡಿ ಗುಮಾಸ್ತ ಜಯಪ್ಪ ಬಾಯಿ ಬಿಟ್ಟ.

“ಭವಾನಿ ಎಲ್ಲಿ ಮಾರಾಯ?”

“ಮದುವೆ ಆಗಿರ್ಬೇಕು” ಎಂದರು ಮೇಷ್ಟ್ರು.

“ಮದುವೆ ಆದ್ರೆ ಕದ್ದು ಯಾಕೆ ಆಗ್ತಾಳೆ? ಫ್ಯಾಕ್ಟರಿ ಕಡೆಯ ತಮಿಳು ಡ್ರೈವರ್ ಜೊತೆ ಓಡಿಹೋಗಿದಾಳಂತೆ. ನಂಗೆ ಖಾತ್ರಿ ಸುದ್ದಿ” ಎಂದ ಜಯಪ್ಪ.

ಜಟಕಾ ಓಡಿಸುವ ಬಾಬು ಸಾಬ್ ಹುಲ್ಲು ಕೊಡವುತ್ತಾ ಕೇಳಿದ, “ನಿಮಗ್ಯಾರು ಹೇಳಿದ್ರು ಸ್ವಾಮಿ? ಕುದುರೆನಾ?”

ನಗು ಎದ್ದಿತು. ಆದರೆ ಮಾತು ನಿಲ್ಲಲಿಲ್ಲ. ಶುಕ್ರವಾರದ ಹೊತ್ತಿಗೆ ಅವಳಿಗೆ ಮೂರು ತಿಂಗಳಾಗಿತ್ತು. ಶನಿವಾರ ನಾಲ್ಕಾಯಿತು. ಒಂದೇ ದಿನಕ್ಕೆ ಒಂದು ತಿಂಗಳು ಬೆಳೆಯುವ ಬಸುರನ್ನು ಧರ್ಮಪ್ಪ ಬೇರೆಲ್ಲೂ ಕಂಡಿರಲಿಲ್ಲ. ಎಲೆಯಡಿಕೆಯ ಕೆಂಪು ರಸ ತುಟಿಯಂಚಿಗೆ ಇಳಿದರೂ ಒರೆಸಿಕೊಳ್ಳದೆ ಜಯಪ್ಪ ಹೇಳುತ್ತಿದ್ದ. ಉಳಿದವರು ಹತ್ತಿರ ಸರಿದು ಕೇಳುತ್ತಿದ್ದರು. ಧರ್ಮಪ್ಪ ಗಿಡದ ನೀರಿನಲ್ಲಿ ಕೈ ಬಾಯಿ ತೊಳೆದುಕೊಂಡ. ಚರಂಡಿ ಬಾಚಿದಾಗಲೂ ಅವನು ಅಷ್ಟು ಹೊತ್ತು ತೊಳೆದುಕೊಂಡದ್ದಿಲ್ಲ.

ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋದ. ಮಗಳು ಬಾಡಿಗೆಗಿದ್ದದ್ದು ರೋಶನ್ ಬೀ ಎಂಬ ಮುದುಕಿಯ ಹಿಂದಿನ ಕೋಣೆಯಲ್ಲಿ. ಮಗಳಿಗೆ ಕೆಪ್ಪಟ್ರಾಯ. ಎರಡು ಕೆನ್ನೆಯೂ ಊದಿ ಕುಂಬಳಕಾಯಿಯಾಗಿದ್ದವು, ಮೇಲೆ ರೋಶನ್ ಬೀ ಕಲಸಿ ಹಚ್ಚಿದ ಕೆಮ್ಮಣ್ಣು. ಬಾಯಿ ತೆರೆಯಲಾಗದೆ ಗಂಜಿಯನ್ನು ಹಲ್ಲಿನ ಸಂದಿಯಿಂದ ಹೀರುತ್ತಿದ್ದಳು. ಸ್ಟೇಷನ್ನಿನಿಂದ ರಜೆ ಕೊಟ್ಟಿದ್ದರು.

“ಪಾರ್ಕಲ್ಲಿ ಏನಂತಾರೆ ಅಪ್ಪ?” ಎಂದು ಹಲ್ಲು ಕಚ್ಚಿಕೊಂಡೇ ಕೇಳಿದಳು.

“ಏನಂತಾರೆ? ಭವಾನಿ ಬರ್ಲಿಲ್ವಲ್ಲ ಅಂತಾರೆ.”

ಅವಳ ಕಣ್ಣುಗಳು ನಕ್ಕವು. “ಬರೋ ಶನಿವಾರದಿಂದ ಓದ್ತೀನಿ.”

ಧರ್ಮಪ್ಪ ವಾಪಸು ಬರುವಷ್ಟರಲ್ಲಿ ಪಾರ್ಕಿನವರು ಅವಳನ್ನು ಕೊಂದಿದ್ದರು. ಭದ್ರಾ ಹೊಳೆಯಲ್ಲಿ ಯಾವುದೋ ಹೆಂಗಸಿನ ಹೆಣ ತೇಲಿತಂತೆ. ಮತ್ಯಾರು, ಅವಳೇ, ಮರ್ಯಾದೆಗೆ ಅಂಜಿ ಬಿದ್ದಳು. ತಮಿಳು ಡ್ರೈವರನ್ನೂ ನಾಲ್ಕು ತಿಂಗಳನ್ನೂ ಯಾರೂ ನೆನೆಯಲಿಲ್ಲ. ಅವೇ ಬಾಯಿಗಳು ಈಗ ಲೊಚಗುಟ್ಟಿದವು. “ಚಿನ್ನದಂಥ ಹುಡುಗಿ, ಗರತಿ” ಎಂದು ಜಯಪ್ಪ ಕಣ್ಣೊರೆಸಿಕೊಂಡ.

“ಸತ್ತಿಲ್ಲ, ಬರ್ತಾರೆ” ಎಂದ ಧರ್ಮಪ್ಪ.

“ನಿಂಗೇನು ಗೊತ್ತೋ? ಗಿಡಕ್ಕೆ ನೀರು ಹಾಕು ಹೋಗು.”

ಶನಿವಾರ ಸಂತಾಪ ಸಭೆ ಎಂದು ಗೊತ್ತುಮಾಡಿದರು. ಜಯಪ್ಪ ಸೇವಂತಿಗೆಯ ದೊಡ್ಡ ಹಾರ ತಂದ. ಹಾಕುವುದು ಯಾವುದಕ್ಕೆ? ಭವಾನಿಯ ಮುಖವನ್ನು ಅಲ್ಲಿ ಯಾರೂ ಕಂಡವರಲ್ಲ, ಫೋಟೋ ಎಲ್ಲಿಂದ ಬರಬೇಕು? ಕೊನೆಗೆ ಮೇಷ್ಟ್ರು ಅಪ್ಪಣೆ ಕೊಟ್ಟರು, “ರೇಡಿಯೋನೇ ಹೊರಗೆ ತಂದಿಡು ಧರ್ಮಪ್ಪ.”

ಅವನು ತಂದಿಟ್ಟ. ಮಗಳ ದನಿ ಬರುವ ಪೆಟ್ಟಿಗೆಗೆ ಹಾರ ಬಿತ್ತು, ಮುಂದೆ ಎರಡು ಊದುಬತ್ತಿ ಹೊಗೆಯಾಡಿದವು. ಮೇಷ್ಟ್ರು ಕಾಲು ಗಂಟೆ ಅವಳ ಶೀಲವನ್ನು ಕೊಂಡಾಡಿದರು. ಬದುಕಿರುವ ಮಗಳ ತಿಥಿಯನ್ನು ಧರ್ಮಪ್ಪ ಕೈಕಟ್ಟಿ ನಿಂತು ನೋಡಿದ.

“ಈಗ ಎಲ್ಲರೂ ಎದ್ದು ಒಂದು ನಿಮಿಷ ಮೌನ” ಎಂದರು ಮೇಷ್ಟ್ರು.

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಧರ್ಮಪ್ಪ ಹಾರದೊಳಗೆ ಕೈ ತೂರಿಸಿ ಗುಂಡಿ ತಿರುಗಿಸಿದ.

ಮೌನ ಮುಗಿಯುವುದಕ್ಕೂ ವಾಲ್ವು ಕಾಯುವುದಕ್ಕೂ ಸರಿಹೋಯಿತು.

“ವಾರ್ತೆಗಳು. ಓದುತ್ತಿರುವವರು ಭವಾನಿ.”

ಬಾಬು ಸಾಬ್ “ಯಾ ಅಲ್ಲಾ” ಎಂದು ಎದೆ ಮುಟ್ಟಿಕೊಂಡು ನಕ್ಕ. ನಕ್ಕವನು ಅವನೊಬ್ಬನೇ. ಉಳಿದವರ ಮುಖ, ಊಟಕ್ಕೆ ಕೂತವರ ಮುಂದಿನ ಎಲೆ ಎಳೆದಂತಾಗಿತ್ತು. “ಹಳೇ ರೆಕಾರ್ಡು ಹಾಕಿರ್ಬೇಕು” ಎಂದ ಜಯಪ್ಪ. ಅಷ್ಟರಲ್ಲಿ ಅವಳು ತುಂಗಾ ಹೊಳೆಯ ಇವತ್ತಿನ ನೀರಿನ ಮಟ್ಟ ಓದಿದಳು. ರೆಕಾರ್ಡಲ್ಲ.

ಜಯಪ್ಪ ಹಾರದ ಕಡೆ ನೋಡಿದ, ಕಂಬದ ಕಡೆ ನೋಡಿದ. ಮುಖದಲ್ಲಿ ಮೆಲ್ಲಗೆ ಹಳೆಯ ಕಳೆ ಬಂತು.

“ಹಂಗಾದ್ರೆ ಹನ್ನೆರಡು ದಿನ ಎಲ್ಲಿದ್ಲು? ಗೊತ್ತಾಯ್ತು ಬಿಡಿ. ಬಸುರು ಇಳಿಸ್ಕೊಂಡು ಬಂದಿದಾಳೆ.”

“ಇರಬಹುದು, ಇರಬಹುದು” ಎಂದರು ಮೇಷ್ಟ್ರು, ಐದು ನಿಮಿಷದ ಹಿಂದೆ ಶೀಲ ಹೊಗಳಿದ ಅದೇ ಬಾಯಲ್ಲಿ.

ಧರ್ಮಪ್ಪ ಹಾರ ಕಿತ್ತು ಜಯಪ್ಪನ ಕಾಲ ಬಳಿ ಎಸೆದ.

“ಥೂ! ನಿಮ್ಮ ಬಾಯಿಗೆ ಹುಳ ಬೀಳ. ಅವಳು ನನ್ನ ಮಗಳು. ಕರಿಬಸಮ್ಮ. ಕೆಪ್ಪಟ್ರಾಯ ಆಗಿ ಮಲಗಿದ್ಲು.”

ಜಯಪ್ಪ ಅವನ ಖಾಕಿ ಚಡ್ಡಿಯನ್ನು, ಮಣ್ಣು ಮೆತ್ತಿದ ಪಾದವನ್ನು ನೋಡಿ, ಮತ್ತೆ ಹಾರ್ನಿನತ್ತ ಕತ್ತೆತ್ತಿದ.

“ನಿನ್ ಮಗಳಾ?”

ಮೇಷ್ಟ್ರು ಕಿವಿಯೊಡ್ಡಿ ಕೇಳಿದರು. ವಾರ್ತೆಯನ್ನಲ್ಲ. “ಅದಕ್ಕೇ ನೋಡಿ, ಉಚ್ಚಾರದಲ್ಲಿ ಏನೋ ಒಂದು ಕೊರೆ ಇದೆ ಅಂತ ನಂಗೆ ಮೊದಲಿಂದ್ಲೂ ಅನುಮಾನ.”

“ಹೌದು, ಹೌದು” ಎಂದವು ಬೆಂಚುಗಳು. ಕಂಬದ ಮೇಲೆ ಅವಳು ಓದುತ್ತಲೇ ಇದ್ದಳು. ಅಡಿಕೆ ಧಾರಣೆ ಬಂತು, ಹವಾಮಾನ ಬಂತು. ಬಾಬು ಸಾಬ್ ಕೂಡ ಕೇಳಲಿಲ್ಲ, ಧರ್ಮಪ್ಪನ ಮುಖವನ್ನೇ ನೋಡುತ್ತಿದ್ದ.

ಭಾನುವಾರ ಧರ್ಮಪ್ಪ ಭದ್ರಾವತಿಗೆ ಹೋಗಿ ನಡೆದದ್ದನ್ನು ಮಗಳಿಗೆ ಹೇಳಿದ. ಅವಳು ಬೈಯಲಿಲ್ಲ. ತಿಂಗಳ ಕೊನೆಗೆ ಓದುವುದನ್ನು ಬಿಟ್ಟಳು.

ಅವಳು ತನ್ನ ಮಾತು ನಡೆಸಿದಳು. ಧರ್ಮಪ್ಪ ಕೊಟ್ಟ ಮಾತು ಮುರಿದಿದ್ದ.